ಒಂಟಿ ಪಿನ್ನಿನ ಕಪ್ಪೆ

ಫೆಬ್ರುವರಿ 9

ಯಾಕಮ್ಮನಿಗೆ,

ಪಾರ್ಸಲ್ಲು ಬಿಚ್ಚುವ ಮೊದಲು ಈ ಕಾಗದ ಓದು. ಬಿಚ್ಚಿಯಾಗಿದ್ದರೆ, ಬಿಚ್ಚಿಲ್ಲ ಎಂದುಕೊಂಡು ಓದು. ಮಾತು ಬಂದಾಗಿನಿಂದ "ಯಾಕೆ, ಯಾಕೆ" ಎಂದು ನನ್ನ ತಲೆ ತಿಂದು ಈ ಹೆಸರು ಗಳಿಸಿದವಳು ನೀನು. ಕಟ್ಟಿದ ದಾರ ಕಂಡರೆ ಕೈ ಸುಮ್ಮನಿರುತ್ತದೆಯೇ?

ಫೋನು ಮಾಡಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ನೀನು ನಡುನಡುವೆ ಬಾಯಿ ಹಾಕುತ್ತೀಯ. ಕಾಗದದಲ್ಲಾದರೆ ನಾನು ರುಜು ಹಾಕುವವರೆಗೆ ನೀನು ಸುಮ್ಮನಿರಲೇಬೇಕು. ಅಲ್ಲದೆ ಹಳ್ಳಿ ಶಾಲೆಯ ಏಳನೇ ಕ್ಲಾಸನ್ನು ಎರಡು ಸಲ ಓದಿದವನು ನಾನು. ಬೇರೆಯವರು ಒಂದೇ ಸಲ ಓದಿ ಬಿಟ್ಟುಬಿಟ್ಟರು. ಅದಕ್ಕೇ ನನ್ನ ಅಕ್ಷರ ಅವರದಕ್ಕಿಂತ ಎರಡು ಪಟ್ಟು ದುಂಡಗಿದೆ.

ಪೆಟ್ಟಿಗೆಯಲ್ಲಿರುವುದು ಆರು ಕಪ್ಪೆ. ಕಿರುಚಬೇಡ, ಪ್ಲಾಸ್ಟಿಕ್ಕಿನವು. ನಿನ್ನ ಮಗಳು ಹೊಟ್ಟೆಯ ಮೇಲೆ ತೆವಳುತ್ತಿದ್ದಾಳೆ, ಇನ್ನೇನು ಅಂಬೆಗಾಲಿಡುತ್ತಾಳೆ ಎಂದು ನಿನ್ನ ಅಮ್ಮ, ಅಂದರೆ ನನ್ನ ಅಕ್ಕ, ಕಂಡಕಂಡವರಿಗೆಲ್ಲ ಹೇಳುತ್ತಿದ್ದಾಳೆ. ಅಂಬೆಗಾಲಿಡುವ ಮಗು ಮೊದಲು ಎಲ್ಲಿಗೆ ಹೋಗುತ್ತದೆ ಗೊತ್ತೇ? ಅಪ್ಪನ ಹತ್ತಿರಕ್ಕಲ್ಲ, ಅಮ್ಮನ ಹತ್ತಿರಕ್ಕಲ್ಲ. ಗೋಡೆಯ ಬುಡದಲ್ಲಿರುವ ಸಾಕೆಟ್ಟಿನ ಹತ್ತಿರಕ್ಕೆ.

ಅಂಗಡಿಯಲ್ಲಿ ಸಿಗುವ ಬಿಳಿ ಮುಚ್ಚಳವನ್ನು ನೋಡಿದ್ದೀಯ, ಕಿತ್ತ ಹಲ್ಲಿನ ಹಾಗಿರುತ್ತದೆ. ನನ್ನ ಕಪ್ಪೆ ಬೇರೆ ಜಾತಿ. ಕೆಟ್ಟುಹೋದ ಮೂರು ಪಿನ್ನಿನ ಪ್ಲಗ್ಗು ತೆಗೆದುಕೊಳ್ಳುತ್ತೇನೆ. ಕೆಳಗಿನ ಎರಡು ಪಿನ್ನುಗಳನ್ನು ಬುಡಸಮೇತ ಕತ್ತರಿಸುತ್ತೇನೆ. ಯಾಕೆ? ಕರೆಂಟು ಇರುವುದು ಕೆಳಗಿನ ತೂತುಗಳಲ್ಲಿ. ಅಲ್ಲಿಗೆ ಲೋಹವೇ ಹೋಗದಿದ್ದರೆ ಗಂಡಾಂತರವೆಲ್ಲಿ? ಮೇಲಿನ ದಪ್ಪ, ಉದ್ದ, ಗುಂಡು ಪಿನ್ನು ಇದೆಯಲ್ಲ, ನೆಲಕ್ಕೆ ಹೋಗುವ ಅರ್ಥಿಂಗ್ ಪಿನ್ನು, ಅದೊಂದನ್ನು ಮಾತ್ರ ಉಳಿಸುತ್ತೇನೆ. ಅದು ಗೂಟ. ಆ ಗೂಟಕ್ಕೆ ನೇತುಬಿದ್ದ ಕಪ್ಪೆಯ ಹೊಟ್ಟೆ ಕೆಳಗಿನ ಎರಡೂ ತೂತುಗಳನ್ನು ಮುಚ್ಚುತ್ತದೆ. ಮೇಲೆ ಹಸಿರು ಬಣ್ಣ, ಹಳದಿ ಕಣ್ಣು. ಮೂವತ್ತನಾಲ್ಕು ವರ್ಷ ವೈರಿಂಗ್ ಮಾಡಿದವನ ತಲೆಯಲ್ಲಿ ಮಾತ್ರ ಹುಟ್ಟುವ ಉಪಾಯ ಇದು.

ಈಗ ಊರಿನಲ್ಲಿ ಚಿಕ್ಕ ಮಕ್ಕಳಿರುವ ನಲವತ್ತಮೂರು ಮನೆಗಳಲ್ಲಿ ನನ್ನ ಕಪ್ಪೆ ಕೂತಿದೆ. ಸುಮ್ಮನೆ ಕೊಟ್ಟದ್ದು. ಇವತ್ತಿನವರೆಗೆ ಒಂದು ಮಗುವಿಗೂ ಕರೆಂಟು ಹೊಡೆದಿಲ್ಲ. ಮಗು ಶಾಲೆಗೆ ಹೋಗತೊಡಗಿದರೆ ವಾಪಸು ತಂದು ಬೇರೆ ಮನೆಗೆ ಕೊಡುತ್ತೇನೆ. ಇಕ್ಕಳ ಇದ್ದಾನಲ್ಲ, ಹಿಂದೆ ನನ್ನ ಜೊತೆಯಲ್ಲೇ ಕೆಲಸ ಮಾಡುತ್ತಿದ್ದ ವೈರ್‌ಮನ್, ಹನ್ನೊಂದು ವರ್ಷದಿಂದ ನಾನು ಮಾತು ಬಿಟ್ಟಿರುವ ಮಹಾಶಯ, ಅವನ ಸೊಸೆಯೂ ನಿನ್ನ ಅತ್ತೆಯನ್ನು ಕೇಳಿ ಒಂದು ತರಿಸಿಕೊಂಡಳು ಎಂದರೆ ನೋಡು!

ಇಂದೇ ಹಾಕು.

ವೈರ್‌ಮನ್‌ಗಳ ವೈರ್‌ಮನ್,
ನಿನ್ನ ಮಾವ


ಫೆಬ್ರುವರಿ 23

ಪ್ರೀತಿಯ ಮಾವ,

ಪಾರ್ಸಲ್ಲನ್ನೇ ಮೊದಲು ಬಿಚ್ಚಿದೆ. ಕಪ್ಪೆಗಳು ಬಹಳ ಮುದ್ದಾಗಿವೆ. ಒಂದಕ್ಕೆ ಹುಬ್ಬು ಬೇರೆ ಬರೆದಿದ್ದೀಯ. ಅದು ಥೇಟ್ ಅತ್ತೆಯೇ. ಆರನ್ನೂ ಹಾಕಿದೆವು.

ಅಂಬೆಗಾಲು ಶುರುವಾಗಿದೆ. ನಾವು ಅವಳನ್ನು ಇನ್‌ಸ್ಪೆಕ್ಟರ್ ಎಂದು ಕರೆಯತೊಡಗಿದ್ದೇವೆ. ಎದ್ದವಳೇ ಮನೆಯ ಮೂಲೆಮೂಲೆಯ ತಪಾಸಣೆ, ಸಿಕ್ಕಿದ್ದೆಲ್ಲ ಬಾಯಿಗೆ. ಮೊನ್ನೆಯಿಂದ ಸ್ವಿಚ್ಚು ಒತ್ತುವುದನ್ನೂ ಕಲಿತಿದ್ದಾಳೆ. ನಮ್ಮ ಬೋರ್ಡುಗಳು ಅವಳ ಮೂಗಿನ ಎತ್ತರಕ್ಕೇ ಇವೆ. ಟಕ್ ಎಂದರೆ ನಗು, ಟಕ್ ಎಂದರೆ ನಗು.

ಈಗ ನನ್ನ ಯಾಕೆಗಳು. ನಲವತ್ತಮೂರು ಮನೆಗಳಲ್ಲಿ ಯಾವ ಮಗುವಿಗೂ ಕರೆಂಟು ಹೊಡೆದಿಲ್ಲ ಎಂದು ನೀನು ಹೇಳುತ್ತೀಯ. ಕಪ್ಪೆ ಇಲ್ಲದಿದ್ದರೆ ಹೊಡೆಯುತ್ತಿತ್ತು ಎಂದು ಹೇಗೆ ಗೊತ್ತು? ನನ್ನ ಕೆಲಸ ಏನೆಂದು ನಿನಗೆ ಗೊತ್ತಲ್ಲ, ಬೀಜ ಪರೀಕ್ಷೆ. ಒದ್ದೆ ಕಾಗದದ ಮೇಲೆ ನೂರು ಬೀಜ ಇಟ್ಟು, ಎಷ್ಟು ಮೊಳೆತವು ಎಂದು ಎಣಿಸುವುದು. ಯಾರಾದರೂ ಹೊಸ ಔಷಧಿ ತಂದು "ಇದನ್ನ ಹಾಕಿದ್ರೆ ತೊಂಬತ್ತು ಮೊಳೆಯುತ್ವೆ" ಎಂದರೆ ನಮ್ಮ ಮೇಡಂ ಕನ್ನಡಕ ಇಳಿಸಿ ಕೇಳುವುದು ಒಂದೇ ಪ್ರಶ್ನೆ: "ಏನೂ ಹಾಕದ ತಟ್ಟೇಲಿ ಎಷ್ಟು?" ಎಷ್ಟೋ ಸಲ ಅಲ್ಲಿಯೂ ತೊಂಬತ್ತೇ ಇರುತ್ತದೆ.

ಮಾವ, ನಿನ್ನ ಏನೂ ಹಾಕದ ತಟ್ಟೆ ಎಲ್ಲಿದೆ?

ಇನ್ನೊಂದು. ಕಪ್ಪೆ ಹಾಕುವ ಮೊದಲು ಸಾಕೆಟ್ಟಿನ ಕೆಳಗಿನ ತೂತುಗಳಿಗೆ ಟಾರ್ಚು ಬಿಟ್ಟು ನೋಡಿದೆ. ಒಳಗೆ ಬಿಳಿಯದೇನೋ ಅಡ್ಡ ಕೂತಿದೆ, ಹಿತ್ತಾಳೆ ಕಾಣುವುದಿಲ್ಲ. ಅದೇನು?

ನಿನ್ನ,
ಯಾಕಮ್ಮ


ಮಾರ್ಚ್ 4

ಬೀಜ ಎಣಿಸುವ ಯಾಕಮ್ಮನಿಗೆ,

ನೀನು ಹುಟ್ಟುವ ಮೊದಲೇ ನಾನು ನೂಲಿನ ಗಿರಣಿಗೆ ವೈರು ಎಳೆದವನು. ಆಸ್ಪತ್ರೆಯ ಆಪರೇಷನ್ ಕೋಣೆಯ ದೀಪ ನನ್ನದು. ಆ ದೀಪದ ಕೆಳಗೆ ಮಲಗಿ ಬದುಕಿದವರೆಲ್ಲ ಡಾಕ್ಟರನ್ನು ಹೊಗಳುತ್ತಾರೆ, ಇರಲಿ. ಇಂಥ ನನ್ನನ್ನು ಹಿಡಿದು ತಟ್ಟೆ ಎಲ್ಲಿದೆ ಎಂದು ಕೇಳುತ್ತೀಯ! ನನ್ನ ತಟ್ಟೆ ಅಡುಗೆಮನೆಯಲ್ಲಿದೆ, ನಿನ್ನ ಅತ್ತೆ ತೊಳೆದಿಟ್ಟಿದ್ದಾಳೆ.

ಒಳಗಿನ ಬಿಳಿಯದು ಈಗಿನ ಕಂಪನಿಯವರ ಆಟ. ಪ್ಲಾಸ್ಟಿಕ್ಕಿನ ಪುಟ್ಟ ಬಾಗಿಲು. ಧೂಳು ಹೋಗದಿರಲಿ ಎಂದು ಇಟ್ಟಿರುತ್ತಾರೆ. ನಾನು ಕೆಲಸ ಕಲಿತ ಕಾಲದ ಸಾಕೆಟ್ಟುಗಳಲ್ಲಿ ಅದಿರಲಿಲ್ಲ. ತೂತಿನಲ್ಲಿ ಕಣ್ಣಿಟ್ಟರೆ ಹಿತ್ತಾಳೆ ನೇರ ಕಾಣುತ್ತಿತ್ತು. ಈಗ ಪ್ಲಗ್ಗು ಹಾಕಿದರೆ ಬಾಗಿಲು ತೆರೆಯುತ್ತದೆ, ತೆಗೆದರೆ ಮುಚ್ಚುತ್ತದೆ. ಹೇಗೆ ತೆರೆಯುತ್ತದೆ ಎಂದು ಕೇಳಬೇಡ, ನಾನು ಬಿಚ್ಚಿ ನೋಡಿಲ್ಲ. ಬಾಗಿಲು ತೆರೆಯುವುದನ್ನು ನೋಡುತ್ತ ನಿಲ್ಲಲು ನಾನೇನು ಕಾವಲುಗಾರನೇ?

ನಿನಗೆ ಅಷ್ಟು ಚಟವಿದ್ದರೆ ಮಾಡು, ನಿನ್ನ ತಟ್ಟೆ ಪರೀಕ್ಷೆ ಮಾಡು. ಹೆದರಿದವನು ನಾನಲ್ಲ. ನನ್ನ ಕಪ್ಪೆ ಗೆದ್ದಾಗ ಒಂದು ಸರ್ಟಿಫಿಕೇಟು ಬರೆದು, ನಿಮ್ಮ ಕಚೇರಿಯ ಸೀಲು ಹೊಡೆದು ಕಳಿಸು. ಗಾಜಿನ ಚೌಕಟ್ಟು ಹಾಕಿಸಿ ಬಾಗಿಲ ಮೇಲೆ ತೂಗುಹಾಕುತ್ತೇನೆ.

ನಿನ್ನ ಅತ್ತೆ ಭುಜದ ಮೇಲಿಂದ ಬಗ್ಗಿ ಓದಿ, "ಬಡಾಯಿ ಸ್ವಲ್ಪ ಕಮ್ಮಿ ಮಾಡ್ರೀ, ತೂಕ ಹೆಚ್ಚಾಗಿ ಅಂಚೆಯವರು ವಾಪಸ್ ಕಳಿಸ್ತಾರೆ" ಅಂದಳು. ಅಸೂಯೆ.

ಇಂತಿ, ಗಿರಣಿಗೆ ಬೆಳಕು ಕೊಟ್ಟ
ನಿನ್ನ ಮಾವ


ಮಾರ್ಚ್ 17

ಮಾವ,

ಈ ಕಾಗದ ನಿನ್ನ ಕೈ ಸೇರುವ ಮೊದಲೇ ಅತ್ತೆಗೆ ಫೋನು ಮಾಡಿ ಹೇಳಿದ್ದೇನೆ. ನೀನು ಮನೆಯಲ್ಲಿರಲಿಲ್ಲ. ಸಿಟ್ಟಾಗಬೇಡ, ಪೂರ್ತಿ ಓದು.

ಒಂದು ಹಲಗೆಗೆ ಮೂರು ಸಾಕೆಟ್ಟು ಬಿಗಿದೆ, ನಮ್ಮ ಗೋಡೆಯಲ್ಲಿರುವಂಥವೇ. ಹಿಂದೆ ಒಂದು ವೈರೂ ಇಲ್ಲ, ಬರೀ ಸಾಕೆಟ್ಟು. ಒಂದಕ್ಕೆ ಏನೂ ಹಾಕಲಿಲ್ಲ. ಒಂದಕ್ಕೆ ಅಂಗಡಿಯ ಬಿಳಿ ಮುಚ್ಚಳ. ಒಂದಕ್ಕೆ ನಿನ್ನ ಕಪ್ಪೆ. ಹಲಗೆಯನ್ನು ಗೋಡೆಗೆ ಒರಗಿಸಿ, ದಿನಕ್ಕೆ ಹತ್ತು ನಿಮಿಷ ಇನ್‌ಸ್ಪೆಕ್ಟರನ್ನು ಅದರ ಮುಂದೆ ಬಿಟ್ಟೆ. ದಿನವೂ ಮೂರರ ಜಾಗ ಬದಲಿಸಿದೆ, ಇಲ್ಲದಿದ್ದರೆ ಅವಳಿಗೆ ಎಡಗಡೆಯದೇ ಇಷ್ಟ ಎಂದಾದೀತು. ಅವಳಪ್ಪ ಗಡಿಯಾರ ಹಿಡಿದ. ನಾನು ನೆಲಕ್ಕೆ ಕೆನ್ನೆಯೊತ್ತಿ ಮಲಗಿ ನೋಡಿದೆ. ಎಂಟು ದಿನ ಮಾಡುವುದೆಂದಿತ್ತು.

ಏನೂ ಹಾಕದ್ದನ್ನು ಅವಳು ಎರಡು ಸಲ ಮುಟ್ಟಿದಳು. ಬೆರಳಿಟ್ಟಳು, ಏನೂ ಆಗಲಿಲ್ಲ, ಬೇಜಾರಾಗಿ ಹೋದಳು.

ಬಿಳಿ ಮುಚ್ಚಳವನ್ನು ಮೂರನೇ ದಿನ ಉಗುರು ಹಾಕಿ, ಆರು ನಿಮಿಷದಲ್ಲಿ ಕಿತ್ತಳು. ನೇರ ಬಾಯಿಗೆ. ನಾನು ಬೆರಳು ತೂರಿಸಿ ತೆಗೆದೆ.

ಕಪ್ಪೆಯ ಹತ್ತಿರ ದಿನವೂ ಹೋದಳು, ಬಿಟ್ಟ ತಕ್ಷಣ ಹೋದಳು. ಕಣ್ಣು ಬರೆದಿದ್ದೀಯಲ್ಲ, ಹೋಗದೆ ಏನು? ಕೀಳಲಿಲ್ಲ ಅವಳು. ತಿರುಗಿಸಿದಳು. ಒಂದೇ ಗುಂಡು ಪಿನ್ನಲ್ಲವೇ, ಬೆರಳು ತಾಗಿದರೆ ಸಾಕು, ಕಪ್ಪೆ ಪಕ್ಕಕ್ಕೆ ತೂಗುತ್ತದೆ. ಕೈ ಬಿಟ್ಟರೆ ಭಾರಕ್ಕೆ ವಾಪಸು ಬಂದು ತೂತುಗಳ ಮೇಲೆ ಕೂರುತ್ತದೆ. ಅದಕ್ಕೇ ದೊಡ್ಡವರು ನೋಡಿದಾಗಲೆಲ್ಲ ಅದು ಸರಿಯಾಗೇ ಇರುತ್ತದೆ. ಮೂರು ವಾರ ನಮ್ಮ ಗೋಡೆಯಲ್ಲೂ ಸರಿಯಾಗೇ ಇತ್ತು.

ಐದನೇ ದಿನ ಕಿಟಕಿಯ ಬಿಸಿಲು ಹಲಗೆಯ ಮೇಲೆ ಬಿದ್ದಿತ್ತು. ಅವಳು ಕಪ್ಪೆಯನ್ನು ಪಕ್ಕಕ್ಕೆ ಹಿಡಿದುಕೊಂಡಿದ್ದಳು. ಕೆಳಗಿನ ತೂತುಗಳೊಳಗೆ ಹಿತ್ತಾಳೆ ಹೊಳೆಯಿತು. ಪಕ್ಕದ ಖಾಲಿ ಸಾಕೆಟ್ಟಿನಲ್ಲಿ ಬಿಳಿ ಬಾಗಿಲು ಮುಚ್ಚಿತ್ತು. ಕಪ್ಪೆ ಇದ್ದದ್ದರಲ್ಲಿ ತೆರೆದಿತ್ತು.

ನಾನು ಅವಳನ್ನು ಎತ್ತಿಕೊಂಡು ಹೋಗಿ, ಗೋಡೆಯ ಕಪ್ಪೆಗಳನ್ನೆಲ್ಲ ಕಿತ್ತು, ಆಮೇಲೆ ಹಲಗೆಯ ಸಾಕೆಟ್ಟನ್ನು ಬಿಚ್ಚಿದೆ. ಆ ಬಾಗಿಲು ಧೂಳಿಗಲ್ಲ, ಮಾವ. ಮಕ್ಕಳಿಗೇ. ಮೇಲಿನ ಉದ್ದ ಪಿನ್ನು ಒಳಗೆ ಹೋದಾಗ ಮಾತ್ರ ಅದು ಸರಿಯುತ್ತದೆ. ಆ ಪಿನ್ನೇ ಅದರ ಬೀಗದ ಕೈ. ನೀನು ಉಳಿದದ್ದನ್ನೆಲ್ಲ ಕತ್ತರಿಸಿ, ಬೀಗದ ಕೈಯನ್ನು ಮಾತ್ರ ಉಳಿಸಿದ್ದೀಯ.

ಒಂದು ಮಗುವನ್ನು ಐದು ದಿನ ನೋಡಿ ಲೋಕಕ್ಕೆಲ್ಲ ಹೇಳಬಾರದು ಎಂದು ನಮ್ಮ ಮೇಡಂ ಬಯ್ಯುತ್ತಾರೆ, ಸರಿ. ಆದರೆ ಆ ಬಾಗಿಲು ಯಾವ ಮಗುವಿದ್ದರೂ ತೆರೆದೇ ಇರುತ್ತದೆ. ನಲವತ್ತಮೂರು ಮನೆ, ಮಾವ. ದಯವಿಟ್ಟು ಇವತ್ತೇ ಹೋಗು.

ಯಾಕಮ್ಮ


ಮಾರ್ಚ್ 22

ನಿನ್ನ ಕಾಗದ ಬಂತು.

ನನಗಿಂತ ಮೊದಲು ನನ್ನ ಹೆಂಡತಿಗೆ ಹೇಳಿದ್ದು ಒಳ್ಳೆಯದಾಯಿತು. ಅವಳು ಬೀದಿಗೆಲ್ಲ ಹೇಳಿ ಬಂದಳು. ಮೂವತ್ತನಾಲ್ಕು ವರ್ಷದ ಕೆಲಸಕ್ಕೆ ಹಲ್ಲು ಬಾರದ ಮಗು ಮಾರ್ಕು ಹಾಕಿತು, ನಾನು ತಲೆಬಾಗಬೇಕು, ಅಲ್ಲವೇ?

ನಿಮ್ಮ ಸಾಕೆಟ್ಟೇ ಸರಿಯಿಲ್ಲ. ಅಗ್ಗದ ಮಾಲಿರಬೇಕು.

ಮಾವ


ಮಾರ್ಚ್ 27

ನನ್ನ ಕಂದ,

ನಾನು ಕಾಗದ ಬರೆಯುವವಳಲ್ಲ. ನಿನ್ನ ಮಾವ ಆ ಒರಟು ಕಾಗದ ಹಾಕಿದ್ದು ನನಗೆ ಆಮೇಲೆ ಗೊತ್ತಾಯಿತು, ಅದಕ್ಕೇ ಬರೆಯುತ್ತಿದ್ದೇನೆ.

ನೀನು ಫೋನು ಮಾಡಿದ ದಿನವೇ ನಾನು ಗೊತ್ತಿದ್ದ ಮನೆಗಳಿಗೆ ಹೋಗಿ ಹೇಳಿದೆ. ನಾಲ್ಕು ಮನೆಯವರು ತೆಗೆದರು. ಉಳಿದವರು ನಕ್ಕರು. "ಅವ್ರೇ ಬಂದು ಹೇಳ್ಲಿ ಬಿಡಿ ಅಕ್ಕಾ, ಕರೆಂಟಿನ ವಿಷ್ಯ ನಿಮಗೇನು ಗೊತ್ತು?" ಅಂದರು. ಮೂವತ್ತು ವರ್ಷ ವೈರ್‌ಮನ್ನಿನ ಜೊತೆ ಸಂಸಾರ ಮಾಡಿದವಳಿಗೆ ಇದು ಮರ್ಯಾದೆ.

ಕಾಗದ ಹಾಕಿ ಬಂದವರು ಕೆಲಸದ ಮೇಜಿನ ಮುಂದೆ ಕೂತರು. ಅಂಗಡಿಯಿಂದ ಐದು ಬಗೆಯ ಹೊಸ ಸಾಕೆಟ್ಟು ತಂದಿದ್ದರು. ಬೆನ್ನು ಒಡೆಯುವುದು, ಕಪ್ಪೆ ಚುಚ್ಚುವುದು, ಇಣುಕುವುದು, ಕೀಳುವುದು. ನಾಲ್ಕು ದಿನ ಇದೇ. ಊಟಕ್ಕೆ ಕರೆದರೆ "ಹೂಂ", ನೀರು ಕೊಟ್ಟರೆ "ಹೂಂ".

ನಿನ್ನೆ ಮಧ್ಯಾಹ್ನ ಹತ್ತಿರ ಹೋಗಿ "ಏನ್ರೀ ಅದು?" ಅಂದೆ.

"ಧೂಳಿಗಲ್ಲ ಕಣೇ ಈ ಬಾಗ್ಲು" ಅಂದರು.

"ಮತ್ತೆ?"

"ಐದರಲ್ಲಿ ನಾಲ್ಕು ತೆರ್ಕೊಳ್ತು. ನನ್ನ ಕೈಯಾರೆ ತೆರ್ದು ಬಂದಿದ್ದೀನಿ, ಮನೆ ಮನೇಲೂ."

 ಇವತ್ತು ಬೆಳಿಗ್ಗೆ ಗೋಣಿಚೀಲ ತೆಗೆದುಕೊಂಡು ಹೋಗಿದ್ದಾರೆ. ಟೆಸ್ಟರನ್ನು ಜೇಬಿಗೆ ಸಿಕ್ಕಿಸಿಕೊಳ್ಳದೆ ಹೊರಟದ್ದು ಇದೇ ಮೊದಲು. ಹಿಂದೆ ಓಡಿ ಹೋಗಿ ಕೊಟ್ಟು ಬಂದೆ.

ಮಗುವಿಗೆ ಮುತ್ತು.

ಅತ್ತೆ


ಏಪ್ರಿಲ್ 9

ಯಾಕಮ್ಮನಿಗೆ,

ನಿನ್ನ ಸಾಕೆಟ್ಟು ಅಗ್ಗದ್ದಲ್ಲ. ಆ ಮಾತು ವಾಪಸು.

ನಡೆದದ್ದನ್ನು ಇದ್ದ ಹಾಗೇ ಬರೆಯುತ್ತೇನೆ. ಮೊದಲ ಹನ್ನೊಂದು ಮನೆಗಳಲ್ಲಿ ನಾನು ಸುಳ್ಳು ಹೇಳಿದೆ. ಎದೆಯುಬ್ಬಿಸಿ ಒಳಗೆ ಹೋಗುವುದು, "ಹೊಸ ಮಾದರಿ ಬರ್ತಾ ಇದೆ, ಹಳೇದು ವಾಪಸ್ ಕೊಡಿ" ಎನ್ನುವುದು. ಎಂಥ ಉಪಾಯ! ತಪ್ಪೂ ತಿದ್ದಿದ ಹಾಗಾಯಿತು, ಹೆಸರೂ ಉಳಿದ ಹಾಗಾಯಿತು. ಬೆನ್ನು ತಟ್ಟಿಕೊಳ್ಳಲು ಕೈ ಎಟುಕಲಿಲ್ಲ, ಅಷ್ಟೇ.

ಹನ್ನೆರಡನೆಯದು ಬಟ್ಟೆ ಹೊಲಿಯುವ ಹೆಂಗಸಿನ ಮನೆ. ಅವಳಿ ಮಕ್ಕಳು. ಹೊಲಿಗೆ ಯಂತ್ರದಿಂದ ಕಾಲು ತೆಗೆಯದೇ ಕೇಳಿದಳು.

"ಹೊಸದು ಯಾವಾಗ ಬರುತ್ತೆ?"

"ಬರುತ್ತೆ, ಒಂದೆರಡು ತಿಂಗ್ಳು."

"ಹಾಗಾದ್ರೆ ಅಲ್ಲೀವರೆಗೂ ಇದೇ ಇರ್ಲಿ ಬಿಡಿ. ಇದನ್ನ ತಿರುಗಿಸ್ತಾ ಕೂತ್ರೆ ನನಗೆ ಎರಡು ಜಾಕೀಟು ಮುಗಿಯುತ್ತೆ."

ತಿರುಗಿ ನೋಡಿದೆ. ಅವಳಿಗಳಲ್ಲಿ ಒಂದು ಗೋಡೆಯ ಹತ್ತಿರ ಮಲಗಿತ್ತು. ಎಡಗೈಯಲ್ಲಿ ಕಪ್ಪೆಯನ್ನು ಪಕ್ಕಕ್ಕೆ ಹಿಡಿದಿತ್ತು, ಬಲಗೈಯಲ್ಲಿ ನೆಲದಿಂದ ಏನನ್ನೋ ಹೆಕ್ಕುತ್ತಿತ್ತು. ದರ್ಜಿಯ ಮನೆಯ ನೆಲದಲ್ಲಿ ಏನು ಬಿದ್ದಿರುತ್ತದೆ ಎಂದು ನಿನಗೆ ಹೇಳಬೇಕೇ?

ಮಗುವನ್ನು ಎತ್ತಿದೆ. ಅದರ ಕೈಯಲ್ಲಿದ್ದದ್ದು ನೂಲಿನ ತುಂಡು, ಸೂಜಿಯಲ್ಲ. ಆದರೂ ಅಲ್ಲೇ ಬಟ್ಟೆ ರಾಶಿಯ ಮೇಲೆ ಕೂತೆ. "ಹೊಸದೂ ಇಲ್ಲ, ಏನೂ ಇಲ್ಲಮ್ಮ. ಇದು ಅಪಾಯ. ನಾನು ಮಾಡಿದ್ದೇ ತಪ್ಪು" ಅಂದೆ.

ಅವಳು ಯಂತ್ರ ನಿಲ್ಲಿಸಿದಳು. "ಇಷ್ಟು ಹೇಳೋಕೆ ಏನ್ರೀ ಧಾಡಿ ನಿಮಗೆ? ಇಷ್ಟೊತ್ತು ಹೊಸ ಮಾದರಿ, ಹಳೇ ಮಾದರಿ ಅಂತ ಕತೆ ಹೊಡೀತಿದ್ರಲ್ಲ!"

ಮರುದಿನ ಹಿಂದಿನ ಹನ್ನೊಂದು ಮನೆಗಳಿಗೆ ಮತ್ತೆ ಹೋದೆ. ಆರು ಮನೆಯವರು ಕಪ್ಪೆಯನ್ನು ಕೊಟ್ಟಂತೆ ಮಾಡಿ, ಇನ್ನೊಂದನ್ನು ಉಳಿಸಿಕೊಂಡಿದ್ದರು. ಮುದ್ದಾಗಿದೆ, ಇರಲಿ ಎಂದು! ಈ ಸಲ ಬಾಗಿಲಲ್ಲೇ ನಿಂತು, ಮೊದಲ ಮಾತಿಗೇ "ನಂದು ತಪ್ಪಾಗಿದೆ" ಅಂದೆ. ಮೊದಲ ಮೂರು ಮನೆಗಳಲ್ಲಿ ನನ್ನ ಚಪ್ಪಲಿ ನೋಡುತ್ತ ಹೇಳಿದೆ. ಆಮೇಲೆ ಹಾಲಿನವನ ಕೂಗಿನ ಹಾಗೆ ಸಲೀಸಾಯಿತು. ಬೇಕರಿಯವನು ಬೈದ. ನಿವೃತ್ತ ಮೇಷ್ಟ್ರು ಬಿದ್ದು ಬಿದ್ದು ನಕ್ಕು, "ಏಳನೇ ಕ್ಲಾಸನ್ನ ಇನ್ನೊಂದ್ಸಲ ಓದಯ್ಯ" ಅಂದರು. ಒಬ್ಬ ತಾಯಿ ಬಾಗಿಲು ಹಾಕಿಕೊಂಡಳು. ನಕ್ಕವರಿಗಿಂತ ಅವಳೇ ಸರಿ ಅನ್ನಿಸಿತು.

ಪ್ರತಿ ಮನೆಯಲ್ಲೂ ಟಾರ್ಚು ಬಿಟ್ಟು ನೋಡಿದೆ. ಬಾಗಿಲಿರುವ ಸಾಕೆಟ್ಟಿಗೆ ಏನೂ ಬೇಡ, ಹಾಗೇ ಬಿಡಿ ಅಂದೆ. ಹನ್ನೆರಡು ಮನೆಗಳಲ್ಲಿ ಹಳೆಯವೇ ಇದ್ದವು, ಬಾಗಿಲಿಲ್ಲದವು. ಅಲ್ಲಿ ಮುಚ್ಚಳ ಹುಡುಕುವ ಬದಲು ಸಾಕೆಟ್ಟನ್ನೇ ಬದಲಿಸಿಕೊಡುತ್ತಿದ್ದೇನೆ. ದಿನಕ್ಕೆ ಎರಡು ಮನೆ.

ಈಗ ನನಗೇ ನಿನ್ನ ರೋಗ ಅಂಟಿದೆ. ಬಾಗಿಲಿರುವ ಸಾಕೆಟ್ಟಿಗೆ ಮುಚ್ಚಳ ಬೇಡ ಎಂದಮೇಲೆ ಅಂಗಡಿಯಲ್ಲಿ ಯಾಕೆ ಮಾರುತ್ತಾರೆ? ಗೊತ್ತಾದರೆ ಬರೆ.

ನಲವತ್ತೆರಡು ಮನೆ ಮುಗಿಯಿತು.

ಮಾವ


ಏಪ್ರಿಲ್ 14

ಪ್ರೀತಿಯ ಮಾವ,

ಅಂಗಡಿಯವರನ್ನೇ ಹೋಗಿ ಕೇಳಿದೆ, ಇನ್‌ಸ್ಪೆಕ್ಟರನ್ನು ಸೊಂಟದ ಮೇಲೆ ಕೂರಿಸಿಕೊಂಡು.

"ಈ ಮುಚ್ಚಳ ಯಾಕೆ ಮಾರ್ತೀರಿ?"

"ಜನ ಕೇಳ್ತಾರಮ್ಮ."

"ಜನ ಯಾಕೆ ಕೇಳ್ತಾರೆ?"

"ನಾವು ಮಾರ್ತೀವಲ್ಲ, ಅದಕ್ಕೆ."

ಅಷ್ಟರಲ್ಲಿ ಇನ್‌ಸ್ಪೆಕ್ಟರ್ ಅವರ ಪೆನ್ನು ಕಸಿದುಕೊಂಡಳು. ವಿಚಾರಣೆ ಅಲ್ಲಿಗೆ ನಿಂತಿತು.

ನಲವತ್ತೆರಡು ಎಂದು ಬರೆದು ರುಜು ಹಾಕಿದ್ದೀಯ. ನಲವತ್ತಮೂರನೆಯದು ಇಕ್ಕಳ ಮಾಮನ ಮನೆ, ಅಲ್ಲವೇ? ಅವರ ಮೊಮ್ಮಗುವೂ ನಮ್ಮವಳಷ್ಟೇ ಇರಬೇಕು.

ಚಿಕ್ಕಂದಿನಿಂದ ಸಾವಿರ ಯಾಕೆ ಕೇಳಿದ್ದೇನೆ. ಮಿಂಚು ಯಾಕೆ, ಫ್ಯೂಸು ಯಾಕೆ, ನಿನ್ನ ಮೀಸೆ ಯಾಕೆ, ಎಲ್ಲದಕ್ಕೂ ನೀನು ಏನಾದರೊಂದು ಉತ್ತರ ಹೊಸೆದಿದ್ದೀಯ. ಇಕ್ಕಳ ಮಾಮನ ಜೊತೆ ಯಾಕೆ ಮಾತು ಬಿಟ್ಟೆ ಎಂದಾಗ ಮಾತ್ರ ಎದ್ದು ಹೋಗುತ್ತಿದ್ದೆ.

ಉತ್ತರ ಕೊಡಬೇಕಿಲ್ಲ. ಅವರ ಮನೆಗೆ ಹೋದರೆ ಸಾಕು.

ಯಾಕಮ್ಮ


ಏಪ್ರಿಲ್ 25

ಮಗಳೇ,

ಹೋಗಿದ್ದೆ. ಉತ್ತರವನ್ನೂ ಕೊಡುತ್ತೇನೆ.

ಹನ್ನೊಂದು ವರ್ಷದ ಹಿಂದೆ ಮೇಲಿನ ಬೀದಿಯಲ್ಲಿ ಒಂದು ಹೊಸ ಮನೆಗೆ ನಾನೂ ಇಕ್ಕಳನೂ ವೈರಿಂಗ್ ಮಾಡುತ್ತಿದ್ದೆವು. ಯಾವುದೋ ದೊಡ್ಡ ಹೋಟೆಲಿನಲ್ಲಿ ಸಾಕೆಟ್ಟುಗಳನ್ನು ನೆಲದಿಂದ ಒಂದು ಗೇಣು ಮೇಲೆ ಹಾಕಿದ್ದನ್ನು ನೋಡಿ ಬಂದಿದ್ದೆ. ವೈರು ಕಾಣುವುದಿಲ್ಲ, ಗೋಡೆ ಚಂದ. ಅಲ್ಲಿಯೂ ಹಾಗೇ ಹಾಕಿದೆ. ಇಕ್ಕಳ ಎಲ್ಲರ ಮುಂದೆ, "ಮೇಲೆ ಹಾಕೋ ಮಾರಾಯ, ಮೂರು ವರ್ಷದ ಮಗು ಇದೆ ಮನೇಲಿ" ಅಂದ. ನಾನು, "ನೀನು ಇಕ್ಕಳ. ಹಿಡ್ಕೊಳ್ಳೋದಷ್ಟೇ ನಿನ್ನ ಕೆಲ್ಸ, ಯೋಚ್ನೆ ಮಾಡೋದು ನಂದು" ಅಂದೆ. ಗಾರೆಯವರೆಲ್ಲ ನಕ್ಕರು. ಆ ಹೆಸರು ಅವನಿಗೆ ಅಂಟಿದ್ದು ಅವತ್ತೇ.

ನಾಲ್ಕು ತಿಂಗಳಿಗೆ ಆ ಹುಡುಗಿ ತೂತಿಗೆ ಕೂದಲಿನ ಪಿನ್ನು ಹಾಕಿದಳು. ಜೀವ ಉಳಿಯಿತು. ಬಲಗೈಯ ಎರಡು ಬೆರಳ ತುದಿ ಸುಟ್ಟಿತು.

ಆ ಸಂಜೆ ಇಕ್ಕಳ ನಮ್ಮ ಬಾಗಿಲಿಗೆ ಬಂದು, "ಮಗು ಬದುಕಿದೆ" ಅಂದ. ಅಷ್ಟೇ ಅಂದು ಹೋದ. ನಾನು ಹೇಳಿದ್ದೆನಲ್ಲ ಎಂದು ಅವನು ಅಂದಿದ್ದರೆ ಜಗಳವಾಡಬಹುದಿತ್ತು. ಅವನು ಅನ್ನಲಿಲ್ಲ. ಅದನ್ನು ನನಗೆ ತಡೆದುಕೊಳ್ಳಲಾಗಲಿಲ್ಲ. ಮೊದಲ ಕಪ್ಪೆ ಮಾಡಿದ್ದು ಅದೇ ತಿಂಗಳು.

ಮೊನ್ನೆ ಹೋದಾಗ ಅವನು ಜಗಲಿಯಲ್ಲಿ ಇಸ್ತ್ರಿಪೆಟ್ಟಿಗೆ ಬಿಚ್ಚಿಕೊಂಡು ಕೂತಿದ್ದ. ಮೊಮ್ಮಗು ಅವನ ಬೆನ್ನು ಹಿಡಿದು ನಿಂತಿತ್ತು. ನೆತ್ತಿಯೆಲ್ಲ ಬೆಳ್ಳಗಾಗಿದೆ ಅವನದು.

"ಕಪ್ಪೆ ವಾಪಸ್ ತಗೊಳ್ಳೋಕೆ ಬಂದೆ" ಅಂದೆ.

"ಬಂದ ದಿನಾನೇ ಕಿತ್ತು ಹಾಕಿದೆ" ಅಂದ, ಕಣ್ಣು ಸ್ಕ್ರೂವಿನ ಮೇಲೆಯೇ ಇತ್ತು.

"ಗೊತ್ತಾಯ್ತಾ ನಿನಗೆ?"

"ಚುಚ್ಚಿ ನೋಡಿದ್ರೆ ಯಾರಿಗೂ ಗೊತ್ತಾಗುತ್ತೆ."

"ಮತ್ತೆ ಹೇಳ್ಬಾರದಿತ್ತಾ! ನಲವತ್ತೆರಡು ಮನೇಲಿ ಮಕ್ಕಳಿದ್ವು ಕಣೋ!"

ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ. "ಏಳು ಮನೆಗೆ ಹೋಗಿ ಹೇಳ್ದೆ. 'ಇನ್ನೂ ಹೊಟ್ಟೆಕಿಚ್ಚು ಹೋಗಿಲ್ವಾ ನಿಂಗೆ' ಅಂದ್ರು. ಎಂಟನೇ ಮನೆಗೆ ಹೋಗಲಿಲ್ಲ. ನಿನ್ನ ಮನೆ ಬಾಗ್ಲವರೆಗೂ ಎರಡು ಸಲ ಬಂದೆ. ಒಳಗೆ ನೀನು ಯಾರಿಗೋ ಕಪ್ಪೆ ಬಗ್ಗೆ ಹೇಳ್ತಾ ಇದ್ದೆ, ಜೋರಾಗಿ. ವಾಪಸ್ ಹೋದೆ."

ಮಗು ನನ್ನ ಚೀಲಕ್ಕೆ ಕೈ ಹಾಕಿತು. ನಾನು ಚೀಲವನ್ನು ಮೇಲೆತ್ತಿ ಹಿಡಿದುಕೊಂಡು ನಿಂತೆ. 

"ಆ ಹುಡುಗಿ ಈಗ ಹೇಗಿದ್ದಾಳೆ?" ಅಂದೆ.

"ಹೋಗಿ ನೋಡಲಿಲ್ವಾ ನೀನು?"

"ಆ ಬೀದಿಗೇ ಹೋಗಿಲ್ಲ."

ಇಕ್ಕಳ ಮಗುವನ್ನು ಸೊಸೆಯ ಕೈಗೆ ಕೊಟ್ಟು, ಚಪ್ಪಲಿ ಮೆಟ್ಟಿಕೊಂಡ. "ನಡಿ. ಅಲ್ಲಿ ಬೋರ್ಡು ಇನ್ನೂ ಅದೇ ಇದೆ."

ಅದೇ ಇತ್ತು. ಗೇಣು ಎತ್ತರದಲ್ಲಿ, ಅಂಚು ಕಂದಿ, ಬಾಗಿಲಿಲ್ಲದ ಹಳೇ ಸಾಕೆಟ್ಟು. ಅದರ ಮುಂದೆ ಒಂದು ಬೀರು ನಿಲ್ಲಿಸಿದ್ದರು. ಹುಡುಗಿಯ ತಾಯಿಗೆ ನನ್ನ ಗುರುತು ಹತ್ತಿತೋ ಇಲ್ಲವೋ, ಇಕ್ಕಳನನ್ನು ನೋಡಿ ಒಳಗೆ ಕರೆದರು. ನಾವಿಬ್ಬರೂ ಬೀರು ಸರಿಸಿದೆವು. ಮೇನ್ ಆಫ್ ಮಾಡಿ, ಮೀಟರಿನ ಪೆಟ್ಟಿಗೆಗೆ ಟ್ರಿಪ್ ಸ್ವಿಚ್ಚು, ಯಾರಿಗಾದರೂ ಕರೆಂಟು ತಗುಲಿದರೆ ತಾನೇ ಕಡಿದುಬಿಡುವಂಥದ್ದು, ಹಾಕಿದೆವು. ಆಮೇಲೆ ನಾನು ಗೋಡೆ ಕೊರೆದು ಸಾಕೆಟ್ಟನ್ನು ಎದೆಯ ಎತ್ತರಕ್ಕೆ ತರುವ ಕೆಲಸಕ್ಕೆ ಕೂತೆ. ಇಕ್ಕಳ ವೈರು ಹಿಡಿದ. ಮೂಲೆ ಕತ್ತಲು, ಯಾರಾದರೂ ಟಾರ್ಚು ಹಿಡಿಯಬೇಕಿತ್ತು.

ಹುಡುಗಿ ಬಂದು ಹಿಡಿದಳು. ಹದಿನಾಲ್ಕು ವರ್ಷ, ಎರಡು ಜಡೆ. ಟಾರ್ಚಿನ ಮೇಲಿದ್ದ ಬೆರಳುಗಳಲ್ಲಿ ಎರಡರ ತುದಿ ಚಪ್ಪಟೆ, ಉಗುರಿಲ್ಲ. ನಾನು ಉಳಿ ಹೊಡೆಯುತ್ತಲೇ ಇದ್ದೆ.

ಹಳೇ ಸಾಕೆಟ್ಟನ್ನು ನೋಡಿ ಕೇಳಿದಳು, ನೀನು ಚಿಕ್ಕಂದಿನಲ್ಲಿ ಕೇಳುತ್ತಿದ್ದ ಹಾಗೇ, ಸಿಟ್ಟಿಲ್ಲದೆ, ಬರೀ ತಿಳಿದುಕೊಳ್ಳಲು: "ಇದನ್ನ ಇಷ್ಟು ಕೆಳಗೆ ಹಾಕಿದ್ದು ಯಾರು?"

ಇಕ್ಕಳ ತಲೆ ಬಗ್ಗಿಸಿ ವೈರಿನ ಸಿಪ್ಪೆ ಸುಲಿಯುತ್ತಿದ್ದ. ಅವನು ಹೇಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಇನ್ನೂ ಹನ್ನೊಂದು ವರ್ಷ ಕಾದರೂ ಹೇಳುವುದಿಲ್ಲ.

"ನಾನಮ್ಮ" ಅಂದೆ.

ಅವಳು ನನ್ನ ಮುಖ ನೋಡಿದಳು. ಆಮೇಲೆ ಮಂಡಿಯೂರಿ, ಟಾರ್ಚನ್ನು ಇನ್ನೊಂದು ಚೂರು ಹತ್ತಿರಕ್ಕೆ ತಂದಳು.

ಇತಿ,
ಮಾವ